ಏರಿಯಲ್ಲು, ಅದರ ಕಂಬ, ಅದರ ಕೂಡಿಕೆಗಳು



1935ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವೊಂದನ್ನು ಸ್ಥಾಪಿಸಿ, ಮಾತನ್ನೂ ಸಂಗೀತವನ್ನೂ ಊರವರಿಗೆ ಕೇಳಿಸಿದ ಸಂಗತಿ ತಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಆ ಯಂತ್ರದ ಶಕ್ತಿ ಮೊದಲಿಗೆ 30 ವಾಟ್ ಮಾತ್ರ. ನಡುಮನೆಯಲ್ಲಿ ಉರಿಯುವ ಸಣ್ಣ ದೀಪವೊಂದಕ್ಕೆ ಸಲ್ಲುವ ಶಕ್ತಿಗಿಂತ ಅದು ಹೆಚ್ಚೇನೂ ಅಲ್ಲ. ಇಂದು ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ ವಿ. ಯು. ಎಂದು ಮೊದಲಾಗುವ ಕರೆಸಂಕೇತವನ್ನೂ ಪಡೆದ ಹವ್ಯಾಸಿಯು ಅಂಗಡಿಯಿಂದ ತರುವ ಯಂತ್ರವು ಸಾಧಾರಣವಾಗಿ 100 ವಾಟ್ ಶಕ್ತಿಯದಾಗಿರುತ್ತದೆ. ಹೀಗಿದ್ದರೂ ಎಷ್ಟೋ ಮಂದಿ ಹೊಸಬರು, ತಮ್ಮ ಧ್ವನಿಯು ಪಕ್ಕದ ಜಿಲ್ಲೆಯನ್ನೂ ಮುಟ್ಟುವುದಿಲ್ಲವೆಂದು ಕೊರಗುವುದನ್ನು ನಾವು ಕೇಳಿದ್ದೇವೆ. ಅವರಲ್ಲಿ ಬಹುಮಂದಿ ಯಂತ್ರಕ್ಕೆ ಲಕ್ಷದವರೆಗೆ ವೆಚ್ಚ ಮಾಡಿ, ಅದರಾಚೆಗಿನ ತಂತಿಗೂ ಕಂಬಕ್ಕೂ ಕೈಗೆ ಸಿಕ್ಕಿದ್ದನ್ನು ಕಟ್ಟಿ ಬಿಟ್ಟಿರುತ್ತಾರೆ.

ಈ ತಂತಿಗೆ ಏರಿಯಲ್ಲು ಎಂಬ ಹಳೆಯ ಹೆಸರನ್ನೇ ನಾವು ಇಲ್ಲಿ ಇಟ್ಟುಕೊಳ್ಳುತ್ತೇವೆ; ಈಗಿನವರು ಆಂಟೆನಾ ಎನ್ನುವುದೂ ಅದನ್ನೇ. ಏರಿಯಲ್ಲಿನ ವಿಷಯವಾಗಿ ಗ್ರಂಥಗಳು ಬೇಕಾದಷ್ಟಿವೆ. ಅವುಗಳಲ್ಲಿ ಆಕಾರಗಳ ವರ್ಣನೆಯೇ ಹೆಚ್ಚು. ಆದರೆ ತಾರಸಿಯ ಮೇಲೆ ಕೆಲವು ಮಳೆಗಾಲಗಳನ್ನು ಕಳೆದವರಿಗೆ ಬೇರೊಂದು ಸಂಗತಿ ಗೋಚರವಾಗುತ್ತದೆ. ತಂತಿಯು ತಾನಾಗಿ ಕೆಡುವುದು ಅಪರೂಪ. ಕಂಬವು ನಡುವೆ ಮುರಿಯುವುದೂ ಅಪರೂಪ. ಹಗ್ಗವು ಕಂಬವನ್ನು ಸೇರುವಲ್ಲಿ, ಕೇಬಲ್ಲು ಕನೆಕ್ಟರನ್ನು ಸೇರುವಲ್ಲಿ, ತಾಮ್ರವು ಕಬ್ಬಿಣವನ್ನು ಸೇರುವಲ್ಲಿ, ಅರ್ಥಿಂಗ್ ತಂತಿಯು ನೆಲವನ್ನು ಸೇರುವಲ್ಲಿ, ಅಂದರೆ ಎರಡು ವಸ್ತುಗಳ ಕೂಡಿಕೆಯಲ್ಲಿಯೇ, ಎಲ್ಲ ತೊಂದರೆಯೂ ಹುಟ್ಟುತ್ತದೆ. ಆದುದರಿಂದ ನಾವು ಏರಿಯಲ್ಲಿನ ನಾನಾ ಆಕಾರಗಳನ್ನು ಬಿಟ್ಟು, ಈ ಕೂಡಿಕೆಗಳ ವಿಷಯವನ್ನೇ ಹಿಡಿಯುತ್ತೇವೆ.

ಇದಕ್ಕೆ ನಿದರ್ಶನವು ರೇಡಿಯೋ ಚರಿತ್ರೆಯ ಮೊದಲ ಪುಟದಲ್ಲಿಯೇ ಇದೆ. 1901ರಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದ ಆಚೆಗೆ ಸಂಕೇತವನ್ನು ಕಳುಹಿಸಬೇಕೆಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿರುವ ಪೋಲ್ಡು ಎಂಬಲ್ಲಿ 20 ಕಂಬಗಳನ್ನು ವರ್ತುಲವಾಗಿ ನಿಲ್ಲಿಸಿದರು. ಒಂದೊಂದರ ಎತ್ತರವೂ 200 ಅಡಿ. ಕಂಬಗಳ ತಲೆಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿದಿದ್ದರು. ಒಂದು ಕಂಬದ ಕಟ್ಟು ಸಡಿಲಿದರೆ ಮಿಕ್ಕವೆಲ್ಲವೂ ಅದರೊಡನೆ ಉರುಳುವುವೆಂದು ವಿವಿಯನ್ ಎಂಬ ಇಂಜಿನಿಯರು ಆಕ್ಷೇಪಿಸಿದರು. ಆ ಮಾತು ನಡೆಯಲಿಲ್ಲ. ಸೆಪ್ಟೆಂಬರ್ 17ರ ಬಿರುಗಾಳಿಯಲ್ಲಿ ಇಡೀ ವರ್ತುಲವೇ ನೆಲಕ್ಕೊರಗಿತು. ಅದೇ ಮಾದರಿಯಲ್ಲಿ ಅಮೆರಿಕದ ಕೇಪ್ ಕಾಡ್ ತೀರದಲ್ಲಿ ಎತ್ತಿದ್ದ ಕಂಬಗಳು ನವೆಂಬರಿನಲ್ಲಿ ಬಿದ್ದುವು. ಮಾರ್ಕೋನಿಯವರು ಕೊನೆಗೆ ಪೋಲ್ಡುವಿನಲ್ಲಿ ಎರಡೇ ಕಂಬಗಳ ನಡುವೆ ಬೀಸಣಿಗೆಯಂತೆ ತಂತಿಗಳನ್ನು ಇಳಿಬಿಟ್ಟು, ತಾವು ನ್ಯೂಫೌಂಡ್‌ಲೆಂಡಿಗೆ ಹೋಗಿ, ಗಾಳಿಪಟಕ್ಕೆ ಕಟ್ಟಿದ ತಂತಿಯನ್ನೇ ಏರಿಯಲ್ಲಾಗಿ ಮಾಡಿಕೊಂಡು, ಡಿಸೆಂಬರ್ 12ರಂದು ಸಂಕೇತವನ್ನು ಕೇಳಿದೆನೆಂದು ಸಾರಿದರು. ಅವರಿಗೆ ನಿಜವಾಗಿ ಕೇಳಿಸಿತೇ ಎಂಬುದರಲ್ಲಿ ಪಂಡಿತರಿಗೆ ಇಂದಿಗೂ ಭಿನ್ನಾಭಿಪ್ರಾಯವುಂಟು. ಕಂಬಗಳು ಏಕೆ ಬಿದ್ದುವೆಂಬುದರಲ್ಲಿ ಮಾತ್ರ ಅಷ್ಟು ವಿವಾದವಿಲ್ಲ.

ಇನ್ನು ನಮ್ಮ ಮನೆಯ ತಾರಸಿಗೆ ಬರೋಣ. ಕಂಬವನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸುವ ಮೊದಲು, ಅದು ಎಲ್ಲಿ ಬೀಳಬಹುದೆಂದು ಯೋಚಿಸತಕ್ಕದ್ದು. ಬೆಂಗಳೂರಿನಲ್ಲಿ 30 ಅಡಿ ಅಗಲ 40 ಅಡಿ ಉದ್ದದ ನಿವೇಶನವೇ ಸಾಮಾನ್ಯವಾದ ಅಳತೆ. ಸುತ್ತಲೂ ಮೂರಡಿ ಬಿಟ್ಟು ಕಟ್ಟಿದರೆ ತಾರಸಿಯು 24 ಅಡಿಗೆ 34 ಅಡಿ ಆಗುತ್ತದೆ. ಅದರ ನಟ್ಟನಡುವೆ 30 ಅಡಿಯ ಗಳವನ್ನು ನಿಲ್ಲಿಸಿದಿರಿ ಎಂದಿಟ್ಟುಕೊಳ್ಳಿ. ಅದು ಬುಡದಿಂದ ಬೀದಿಯ ಕಡೆಗೆ ಮಗುಚಿದರೆ ತಾರಸಿಯ ಅಂಚಿನಿಂದ ಆಚೆಗೆ 13 ಅಡಿ ಚಾಚುತ್ತದೆ. ಪಕ್ಕಕ್ಕೆ ಮಗುಚಿದರೆ 18 ಅಡಿ ಚಾಚಿ ನೆರೆಯವರ ಮನೆಯ ಮೇಲೆ ಬೀಳುತ್ತದೆ. ಇದರ ಮೇಲೆ ಇನ್ನೂ 10 ಅಡಿಯನ್ನು ರಕ್ಷಣೆಗಾಗಿ ಕೂಡಿಸಿ, ಆ ಮೇರೆಯೊಳಗೆ ವಿದ್ಯುತ್ತಿನ ಒಂದು ತಂತಿಯೂ ಇರಕೂಡದು. ಬೀದಿಯ ಕಂಬದಲ್ಲಿ ಹೋಗುವ ತಂತಿಯು 230 ವೋಲ್ಟಿನದೋ 11,000 ವೋಲ್ಟಿನದೋ ಎಂದು ಕೆಳಗೆ ನಿಂತು ನೋಡಿದವರಿಗೆ ತಿಳಿಯುವುದು ಕಷ್ಟ. ಅದನ್ನು ಮುಟ್ಟಿದ ಗಳವನ್ನು ಹಿಡಿದುಕೊಂಡಿರುವವರಿಗೆ ಆ ಭೇದದಿಂದ ಪ್ರಯೋಜನವೂ ಇಲ್ಲ. ಈ ಅಪಾಯವು ಕಂಬ ನಿಂತಿರುವಾಗ ಅಷ್ಟಿಲ್ಲ. ನಾಲ್ಕು ಜನರು ಅದನ್ನು ಎತ್ತುತ್ತಿರುವಾಗಲೂ ಇಳಿಸುತ್ತಿರುವಾಗಲೂ, ಕಟ್ಟುಗಳೆಲ್ಲ ಸಡಿಲವಾಗಿರುವ ಆ ಐದು ನಿಮಿಷಗಳಲ್ಲಿ, ಅದು ಅತ್ಯಧಿಕವಾಗಿರುತ್ತದೆ. ಅಳತೆಯು ಒದಗದಿದ್ದರೆ 30 ಅಡಿಯ ಆಸೆಯನ್ನು ಬಿಟ್ಟು 20 ಅಡಿಯ ಗಳಕ್ಕೆ ತೃಪ್ತರಾಗಬೇಕು. ಇದರಲ್ಲಿ ರಿಯಾಯಿತಿಯಿಲ್ಲ.

ಹೊಸಬರಿಗೆ ನಾವು ಹೇಳುವ ಏರಿಯಲ್ಲು ಅತ್ಯಂತ ಸರಳವಾದ ಡೈಪೋಲು. ಅಲೆಯ ಉದ್ದದಲ್ಲಿ ಅರ್ಧದಷ್ಟು ತಂತಿಯನ್ನು ತೆಗೆದುಕೊಂಡು, ನಡುವೆ ಕತ್ತರಿಸಿ, ಅಲ್ಲಿ ಕೇಬಲ್ಲನ್ನು ಸೇರಿಸಿದರೆ ಡೈಪೋಲು ಆಯಿತು. ಉದ್ದವನ್ನು ತಿಳಿಯುವ ಲೆಕ್ಕವೂ ಸುಲಭ. 468ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಡಿಗಳಲ್ಲಿ ಉದ್ದ ಸಿಕ್ಕುತ್ತದೆ. ಬೆಳಕಿನ ವೇಗದಿಂದ ಲೆಕ್ಕ ಹಾಕಿದರೆ 492 ಬರಬೇಕಾಗಿತ್ತು. ತಂತಿಯ ದಪ್ಪದಿಂದಲೂ ತುದಿಗಳ ಪ್ರಭಾವದಿಂದಲೂ ನೂರಕ್ಕೆ ಸುಮಾರು ಐದರಷ್ಟು ತಗ್ಗುತ್ತದೆ. ನಮ್ಮ ದೇಶದ ಹವ್ಯಾಸಿಗಳು ಹಗಲಿನಲ್ಲಿ ಕೆಲವು ನೂರು ಮೈಲಿಗಳೊಳಗೆ ಮಾತನಾಡಲು ಹೆಚ್ಚಾಗಿ ಬಳಸುವ 40 ಮೀಟರ್ ಪಟ್ಟಿಯಲ್ಲಿ, 7.1 ಮೆಗಾಹರ್ಟ್ಸಿಗೆ, ತಂತಿಯು 66 ಅಡಿಯಾಗುತ್ತದೆ. ಒಂದೊಂದು ಕಡೆಗೆ 33 ಅಡಿ. ನಮ್ಮ ನಿವೇಶನದ ಕರ್ಣವಾದರೋ 50 ಅಡಿ. ಹಾಗಾದರೆ ಈ ತಂತಿಯನ್ನು ಎಲ್ಲಿ ಹಿಡಿಸುವುದು?

ಗಳದ ತಲೆಯಲ್ಲಿ ತಂತಿಯ ನಡುವನ್ನು ಕಟ್ಟಿ, ಎರಡು ಕೈಗಳನ್ನೂ ಕೊಡಾರದ ಎರಡು ಮಗ್ಗುಲಿನಂತೆ ಇಳಿಜಾರಾಗಿ ಎಳೆದರೆ ಈ ತೊಡಕು ಬಿಡುತ್ತದೆ. ಕೈಗಳು 45 ಡಿಗ್ರಿಯಲ್ಲಿ ಇಳಿದರೆ ಒಂದೊಂದೂ ಅಡ್ಡಲಾಗಿ 23 ಅಡಿಯಷ್ಟನ್ನು ಮಾತ್ರ ಆಕ್ರಮಿಸುತ್ತದೆ. ಎರಡೂ ಸೇರಿ 47 ಅಡಿ. ಕರ್ಣದೊಳಗೆ ಸರಿಯಾಗಿ ಅಡಗಿತು. ತಾರಸಿಯ ಎದುರುಬದುರು ಮೂಲೆಗಳಲ್ಲಿ ಚಿಕ್ಕ ಬಿದಿರುಗಳನ್ನು ಕಟ್ಟಿ ತಂತಿಯನ್ನು ಅವುಗಳಿಗೆ ತರುವುದು. ಉಳಿಯುವ ಮೂರು ಮೂರೂವರೆ ಅಡಿಯನ್ನು ಗೋಡೆಯ ಹೊರಮೈಯ ಕಡೆಗೆ ಇಳಿಬಿಡುವುದು. ಪ್ರಸಾರ ಮಾಡುವಾಗ ತುದಿಗಳಲ್ಲಿ ವೋಲ್ಟು ಹೆಚ್ಚಾಗಿರುವುದರಿಂದ ಮಕ್ಕಳ ಕೈಗೆ ಅವು ಎಟುಕದಂತಿರಬೇಕು. ಈ ಇಳಿಜಾರಿನಿಂದ ಇನ್ನೊಂದು ಅನುಕೂಲವೂ ಇದೆ. ನೇರವಾಗಿ ಎಳೆದ ಡೈಪೋಲಿನ ತಡೆಯು ಬಯಲಿನಲ್ಲಿ 73 ಓಮ್. ಕೈಗಳನ್ನು ಇಳಿಸಿದಾಗ ಅದು 50ರ ಸಮೀಪಕ್ಕೆ ಬರುತ್ತದೆ. ನಮ್ಮ ಯಂತ್ರಗಳೂ ಕೇಬಲ್ಲುಗಳೂ ಕೇಳುವುದು 50 ಓಮನ್ನೇ. ತಂತಿಯನ್ನು ಮೊದಲು ಒಂದೆರಡು ಅಡಿ ಹೆಚ್ಚಾಗಿಯೇ ಕತ್ತರಿಸಿ, ಅಳೆದು ನೋಡಿ, ಎರಡು ಕಡೆಯೂ ಸಮನಾಗಿ ಸ್ವಲ್ಪಸ್ವಲ್ಪವೇ ಮೊಟಕುಮಾಡುವುದು ವಿವೇಕ. ಕತ್ತರಿಸಿದ್ದನ್ನು ಮತ್ತೆ ಸೇರಿಸಿದರೆ ಮತ್ತೊಂದು ಕೂಡಿಕೆಯಾಯಿತಲ್ಲವೇ! ಗಳವನ್ನು 20 ಅಡಿಗೆ ಇಳಿಸಿದವರು 14 ಮೆಗಾಹರ್ಟ್ಸಿನ 33 ಅಡಿಯ ತಂತಿಯನ್ನು ಹೀಗೆಯೇ ಕಟ್ಟಬಹುದು. ಅದರಲ್ಲಿ ನೆರೆಜಿಲ್ಲೆಗಿಂತ ಹೊರದೇಶವೇ ಚೆನ್ನಾಗಿ ಕೇಳಿಸುತ್ತದೆ.

ಈಗ ಗಾಳಿ. ಕಟ್ಟಡಗಳ ಮೇಲೆ ಬೀಳುವ ಗಾಳಿಭಾರವನ್ನು ಕುರಿತ ಭಾರತೀಯ ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗವನ್ನು ಆಧಾರವಾಗಿ ಇಟ್ಟುಕೊಂಡಿದೆ. ವ್ಯತ್ಯಾಸವು ಅಲ್ಪವೆಂದು ತೋರುತ್ತದೆ. ಆದರೆ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದು ಚದರ ಮೀಟರಿನ ಮೇಲೆ ಬೆಂಗಳೂರಿನಲ್ಲಿ 66 ಕಿಲೋಗ್ರಾಮಿನಷ್ಟು ಭಾರ ಬಿದ್ದರೆ ಮಂಗಳೂರಿನಲ್ಲಿ 93 ಕಿಲೋಗ್ರಾಮಿನಷ್ಟು ಬೀಳುತ್ತದೆ. ಬರಿಯ ತಂತಿಗೆ ಮೈಯೇ ಇಲ್ಲ. ಅದನ್ನು ಆಷಾಢದ ಗಾಳಿ ಕೂಡ ಅಷ್ಟಾಗಿ ಲಕ್ಷಿಸುವುದಿಲ್ಲ. ಹಲವು ಕಡ್ಡಿಗಳುಳ್ಳ ಯಾಗಿ ಏರಿಯಲ್ಲಿನ ಮಾತೇ ಬೇರೆ. ಜಪಾನಿನ ಸೆಂಡಾಯಿ ನಗರದಲ್ಲಿ ಊಡಾ ಮತ್ತು ಯಾಗಿ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ಈ ಏರಿಯಲ್ಲು ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳುಹಿಸುತ್ತದೆ. ಕೆಲಸದ ಬಹುಭಾಗವನ್ನು ಮಾಡಿದವರು ಊಡಾ. ಜನರ ಬಾಯಲ್ಲಿ ನಿಂತದ್ದು ಯಾಗಿಯವರ ಹೆಸರು. ಅದು ಗಾಳಿಗೆ ಒಡ್ಡುವ ಮೈಯನ್ನು ಲೆಕ್ಕ ಹಾಕದೆ ಸಾಧಾರಣ ಗಳದ ಮೇಲೆ ಕೂರಿಸಕೂಡದು.

ಗಳಕ್ಕೆ ಜಿ. ಐ. ಪೈಪು ಆಗಬಹುದು, ಬಲಿತ ಬಿದಿರೂ ಆಗಬಹುದು. ಅದನ್ನು ನಿಲ್ಲಿಸುವುದು ಬುಡವಲ್ಲ, ಸ್ಟೇ ತಂತಿಗಳು. ಬುಡಕ್ಕೆ ಜಾರದಂತೆ ಒಂದು ಗುಳಿಯಿದ್ದರೆ ಸಾಕು. ಸ್ಟೇಗಳನ್ನು ಗಳದ ಎತ್ತರದಲ್ಲಿ ನೂರಕ್ಕೆ 60ರಿಂದ 80ರಷ್ಟು ದೂರದಲ್ಲಿ ನೆಲಕ್ಕೆ ಕಟ್ಟುವುದು ವಾಡಿಕೆ. ನಮ್ಮ ತಾರಸಿಯ ನಡುವಿನಿಂದ ಮೂಲೆಗೆ ಸುಮಾರು 21 ಅಡಿ; 30 ಅಡಿಗೆ ಅದು ನೂರಕ್ಕೆ 70. ಇದಕ್ಕಿಂತ ಒಳ್ಳೆಯ ಹೊಂದಿಕೆ ಸಿಕ್ಕುವುದು ಕಷ್ಟ. ನಾಲ್ಕು ಮೂಲೆಗೆ ನಾಲ್ಕು, ತಲೆಯ ಬಳಿ ಒಂದು ಸುತ್ತು, ನಡುವೆ ಇನ್ನೊಂದು ಸುತ್ತು ಕಟ್ಟಬೇಕು. ಇವನ್ನು ಪ್ಯಾರಾಪೆಟ್ ಗೋಡೆಯ ಇಟ್ಟಿಗೆಗೆ ಮೊಳೆ ಹೊಡೆದು ಕಟ್ಟುವವರನ್ನು ನಾವು ಕಂಡಿದ್ದೇವೆ. ಆ ಗೋಡೆಯು ಒಳಗೆ ಒರಗುವ ಜನರಿಗಾಗಿ ಕಟ್ಟಿದ್ದೇ ಹೊರತು ಮೇಲಕ್ಕೆ ಎಳೆಯುವ ತಂತಿಗಾಗಿ ಅಲ್ಲ. ಕಟ್ಟಿಗೆ ಕಾಂಕ್ರೀಟಿನ ತೊಲೆಯನ್ನೋ ಕಂಬವನ್ನೋ ಹಿಡಿಯಬೇಕು.

ಸ್ಟೇಗೆ ಹಗ್ಗವನ್ನು ಬಳಸುವವರು ಪಾಲಿಯೆಸ್ಟರ್ ಹಗ್ಗವನ್ನು ಕೇಳಿ ಕೊಳ್ಳಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಹಸುರು, ನೀಲಿ ಪ್ಲಾಸ್ಟಿಕ್ ಹಗ್ಗವು ಎರಡು ಬೇಸಗೆಯ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ತೆಂಗಿನ ನಾರು ಮಳೆಗೆ ಕೊಳೆಯುತ್ತದೆ. ಉಕ್ಕಿನ ತಂತಿಯನ್ನು ಬಳಸಿದರೆ ಬಲವು ಹೆಚ್ಚು; ಆದರೆ ಉದ್ದವಾದ ಲೋಹದ ತಂತಿಯು ತಾನೂ ಒಂದು ಏರಿಯಲ್ಲಿನಂತೆ ವರ್ತಿಸಿ ನಮ್ಮ ಶಕ್ತಿಯನ್ನು ಕದಿಯುತ್ತದೆ. ಅದನ್ನು ತುಂಡುತುಂಡಾಗಿ ಮಾಡಿ ನಡುವೆ ಮೊಟ್ಟೆಯಾಕಾರದ ಪಿಂಗಾಣಿಯನ್ನು ಸೇರಿಸಬೇಕು. ಬೀದಿಯ ವಿದ್ಯುತ್ ಕಂಬದ ಸ್ಟೇ ತಂತಿಯಲ್ಲಿ ಈ ಮೊಟ್ಟೆಯನ್ನು ತಾವೆಲ್ಲ ಕಂಡಿರಬಹುದು. ಎರಡು ಕಡೆಯ ತಂತಿಗಳೂ ಅದರ ಮೇಲೆ ಒಂದನ್ನೊಂದು ಕೊಕ್ಕೆಯಂತೆ ಬಳಸಿ ಹೋಗಿರುತ್ತವೆ. ಪಿಂಗಾಣಿಯು ಒಡೆದು ಉದುರಿದರೂ ಕೊಕ್ಕೆಗಳು ಒಂದರಲ್ಲೊಂದು ಸಿಕ್ಕಿಕೊಂಡು ನಿಲ್ಲುತ್ತವೆ, ಕಂಬ ಬೀಳುವುದಿಲ್ಲ. ಕೂಡಿಕೆಯೆಂದರೆ ಹೀಗಿರಬೇಕು ಎಂದು ನಮಗೆ ಅದನ್ನು ಕಂಡಾಗಲೆಲ್ಲ ಅನ್ನಿಸುತ್ತದೆ. ಉಕ್ಕಿನ ಹುರಿತಂತಿಯ ತುದಿಯನ್ನು ಮಡಿಸಿ ಯು ಆಕಾರದ ಕ್ಲಾಂಪಿನಿಂದ ಬಿಗಿಯುವಾಗ ಒಂದು ಸೂಕ್ಷ್ಮವಿದೆ. ಕ್ಲಾಂಪಿನ ಬಾಗಿದ ಸರಳು ತಂತಿಯನ್ನು ಹಿಸುಕಿ ನಲುಗಿಸುತ್ತದೆ. ಅಚ್ಚಿನ ತಳವು ಮೆತ್ತಗೆ ಹಿಡಿಯುತ್ತದೆ. ಆದುದರಿಂದ ತಳವು ಭಾರ ಹೊರುವ ಉದ್ದ ತಂತಿಯ ಕಡೆಗೂ ಸರಳು ಮಡಿಸಿದ ಮೋಟು ತುದಿಯ ಕಡೆಗೂ ಬರಬೇಕು. ತಿರುವುಮುರುವಾಗಿ ಹಾಕಿದ್ದನ್ನು ನಾವು ಎಷ್ಟೋ ಕಡೆ ಬಿಚ್ಚಿ ಹಾಕಿಸಿದ್ದೇವೆ.

ತೋಟವುಳ್ಳವರಿಗೆ ತೆಂಗಿನಮರವೇ ಸಿದ್ಧವಾದ ಕಂಬ. ಆದರೆ ಮರವು ತೂಗುತ್ತದೆ. ತಂತಿಯನ್ನು ಮರಕ್ಕೆ ಬಿಗಿದು ಕಟ್ಟಿದರೆ ಮೊದಲನೆಯ ದೊಡ್ಡ ಗಾಳಿಗೇ ಅದು ಹರಿಯುತ್ತದೆ. ಮರದಲ್ಲಿ ರಾಟೆಯೊಂದನ್ನು ಕಟ್ಟಿ, ಹಗ್ಗವನ್ನು ಅದರ ಮೇಲೆ ಹಾಯಿಸಿ, ಕೆಳಗೆ ಕಲ್ಲನ್ನು ತೂಗುಹಾಕಿದರೆ, ಮರವು ಅತ್ತಿತ್ತ ಹೋದಂತೆ ಕಲ್ಲು ಏರಿ ಇಳಿದು ಬಿಗಿಯನ್ನು ಸಮವಾಗಿಡುತ್ತದೆ. ಕಲ್ಲಿನ ಕೆಳಗೆ ಯಾರೂ ಸುಳಿಯದಂತೆ ಬೇಲಿಯಿರಲಿ.

ನೆಲದಿಂದ ಎದ್ದ 40, 60 ಅಡಿಯ ಉಕ್ಕಿನ ಗೋಪುರದ ವಿಷಯವನ್ನು ನಾವು ವಿಸ್ತರಿಸುವುದಿಲ್ಲ. ಅದಕ್ಕೆ ಅಡಿಪಾಯ, ಇಂಜಿನಿಯರ ನಕ್ಷೆ, ಸ್ಥಳೀಯ ಅನುಮತಿ, ವಿಮಾನ ನಿಲ್ದಾಣದ ಸಮೀಪವಾದರೆ ಅದರ ಅಧಿಕಾರಿಗಳ ಅನುಮತಿ, ಇಷ್ಟೂ ಬೇಕು. ಹತ್ತುವವರಿಗೆ ಒಂದೇ ಮಾತು. ಮೈಯನ್ನೆಲ್ಲ ಹಿಡಿಯುವ ಹಾರ್ನೆಸ್ಸಿಗೆ ಎರಡು ಕೊಂಡಿಹಗ್ಗಗಳಿರಬೇಕು. ಒಂದನ್ನು ಬಿಚ್ಚಿ ಮೇಲಕ್ಕೆ ಸಿಕ್ಕಿಸುವಾಗ ಇನ್ನೊಂದು ಸಿಕ್ಕಿಕೊಂಡಿರಬೇಕು. ಕೆಳಗಿರುವ ಸಹಾಯಕನು ತಲೆಗೆ ಟೋಪಿ ಹಾಕಿಕೊಂಡು, ಮೇಲಿನಿಂದ ಬೀಳುವ ನಟ್ಟಿನ ದಾರಿಯಿಂದ ದೂರವಾಗಿ ನಿಲ್ಲತಕ್ಕದ್ದು. ಒಬ್ಬರೇ ಇರುವಾಗ ಹತ್ತಕೂಡದು.

ಕೇಬಲ್ಲಿನ ವಿಷಯದಲ್ಲಿ ಜನರಿಗೆ ಇರುವ ಭ್ರಮೆ ದೊಡ್ಡದು. ಕೇಬಲ್ಲು ಯಂತ್ರದ ಶಕ್ತಿಯನ್ನು ಏರಿಯಲ್ಲಿಗೆ ಹಾಗೆಯೇ ಮುಟ್ಟಿಸುತ್ತದೆಂದು ಅವರ ನಂಬಿಕೆ. ವಾಸ್ತವವಾಗಿ ಅದು ದಾರಿಯಲ್ಲಿ ಸುಂಕವನ್ನು ತೆಗೆದುಕೊಳ್ಳುತ್ತದೆ; ಅಲೆಯ ಕಂಪನ ಹೆಚ್ಚಿದಷ್ಟೂ ಸುಂಕವೂ ಹೆಚ್ಚು. ಬೆರಳಿಗಿಂತ ಸಣ್ಣದಾದ ಆರ್. ಜಿ. 58 ಎಂಬ ಕೇಬಲ್ಲು 100 ಅಡಿ ಉದ್ದವಾಗಿದ್ದರೆ, 7 ಮೆಗಾಹರ್ಟ್ಸಿನಲ್ಲಿ ಹಾಕಿದ ಶಕ್ತಿಯಲ್ಲಿ ಮುಕ್ಕಾಲು ಪಾಲು ಮೇಲೆ ಮುಟ್ಟುತ್ತದೆ. ಅದೇ ಕೇಬಲ್ಲು 144 ಮೆಗಾಹರ್ಟ್ಸಿನಲ್ಲಿ ಕಾಲು ಪಾಲನ್ನು ಮಾತ್ರ ಮುಟ್ಟಿಸುತ್ತದೆ. ಐವತ್ತು ವಾಟ್ ಹಾಕಿದರೆ ಹನ್ನೆರಡೂವರೆ. ಮಿಕ್ಕದ್ದು ಕೇಬಲ್ಲನ್ನು ಬೆಚ್ಚಗೆ ಮಾಡುತ್ತದೆ. ದಪ್ಪನಾದ ಆರ್. ಜಿ. 213 ಆದರೆ ಅಲ್ಲಿಯೂ ಅರ್ಧವು ಉಳಿಯುತ್ತದೆ. ಆದುದರಿಂದ 40 ಮೀಟರಿನ ಹವ್ಯಾಸಿಯು ತೆಳುವಾದ ಕೇಬಲ್ಲಿಗೆ ಅಂಜಬೇಕಾಗಿಲ್ಲ. 2 ಮೀಟರಿನವನು ಹಣವನ್ನು ಮೊದಲು ಕೇಬಲ್ಲಿಗೆ ಸುರಿಯಬೇಕು. ಮನೆಯಲ್ಲಿ ಉಳಿದ ಟಿ. ವಿ. ಕೇಬಲ್ಲನ್ನು ಬಳಸಬಹುದೇ ಎಂದು ಕೇಳುವವರುಂಟು. ಅದರದು 75 ಓಮ್. ಡೈಪೋಲಿಗೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ತೊಂದರೆಯಿರುವುದು ಮತ್ತೆ ಕೂಡಿಕೆಯಲ್ಲಿಯೇ. ಅದರ ಹೊರಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ಮಾಮೂಲು ಬೆಸುಗೆ ಅದಕ್ಕೆ ಹಿಡಿಯುವುದೇ ಇಲ್ಲ.

ಇಲ್ಲಿ ನಮ್ಮದೇ ಒಂದು ಪೆಚ್ಚುತನವನ್ನು ಹೇಳಿಕೊಳ್ಳುವುದು ಉಚಿತ. ಒಂದು ಶ್ರಾವಣದಲ್ಲಿ ನಮ್ಮ ಧ್ವನಿಯು ದೂರದವರಿಗೆ ಕುಗ್ಗಿ ಕೇಳತೊಡಗಿತು. ಏರಿಯಲ್ಲಿಗೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆಂದು ತೋರಿಸುವ ಎಸ್. ಡಬ್ಲ್ಯು. ಆರ್. ಮೀಟರನ್ನು ನೋಡಿದೆವು. ಅದು ಹಿಂದಿಗಿಂತಲೂ ಚೆನ್ನಾಗಿ, ಒಂದರ ಹತ್ತಿರವೇ ನಿಂತಿತ್ತು. ದೋಷವು ಯಂತ್ರದ್ದೆಂದು ನಿಶ್ಚಯಿಸಿ ಅದನ್ನು ಎರಡು ಸಲ ರಿಪೇರಿಗೆ ಕೊಟ್ಟೆವು. ಮೂರು ತಿಂಗಳು ಕಳೆದ ಮೇಲೆ ಗಳವನ್ನು ಇಳಿಸಿ ಕನೆಕ್ಟರನ್ನು ಕತ್ತರಿಸಿದರೆ, ಕೇಬಲ್ಲಿನೊಳಗಿಂದ ನೀರು ತೊಟ್ಟಿಕ್ಕಿತು. ತಾಮ್ರದ ಹೆಣಿಗೆ ಹಲವು ಅಡಿಗಳವರೆಗೆ ಕಪ್ಪಾಗಿ ಹೋಗಿತ್ತು. ನೆಂದ ಕೇಬಲ್ಲು ಶಕ್ತಿಯನ್ನು ಹೋಗುವಾಗಲೂ ಬರುವಾಗಲೂ ನುಂಗಿಬಿಡುವುದರಿಂದ ಹಿಂದಿರುಗುವುದು ಏನೂ ಉಳಿಯುವುದಿಲ್ಲ. ಮೀಟರು ಎಲ್ಲವೂ ಸರಿಯಾಗಿದೆಯೆನ್ನುತ್ತದೆ. ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಮೇಲೆ ಹೇಳಿದ 100 ಅಡಿಯ ತೆಳುಕೇಬಲ್ಲಿಗೆ 144 ಮೆಗಾಹರ್ಟ್ಸಿನಲ್ಲಿ ಶಕ್ತಿಯನ್ನು ಹಾಕಿದಿರಿ. ಮೇಲೆ ಏರಿಯಲ್ಲೇ ಕಳಚಿ ಬಿದ್ದುಹೋಗಿದೆ. ಕಾಲು ಪಾಲು ತುದಿಯನ್ನು ಮುಟ್ಟಿ, ಪೂರ್ತಿಯಾಗಿ ಹಿಂದಿರುಗಿ, ಅದರಲ್ಲಿಯೂ ಕಾಲು ಪಾಲು, ಅಂದರೆ ಹದಿನಾರರಲ್ಲಿ ಒಂದು ಪಾಲು, ಮಾತ್ರ ಯಂತ್ರಕ್ಕೆ ಬರುತ್ತದೆ. ಮೀಟರು 1.7 ಎಂದು ತೋರಿಸುತ್ತದೆ. ಅದನ್ನು ಕಂಡು ಸಂತೋಷಪಡುವವರು ಎಷ್ಟು ಮಂದಿಯಿಲ್ಲ! ಆದಕಾರಣ ಹೊಸ ಕೇಬಲ್ಲನ್ನು ಹಾಕಿದ ದಿನದ ಅಂಕಿಯನ್ನು ಬರೆದಿಟ್ಟು, ಮುಂದೆ ಅದು ಕೆಟ್ಟರೂ ಸಂಶಯ ಪಡಬೇಕು, ಕಾರಣವಿಲ್ಲದೆ ಉತ್ತಮವಾದರೂ ಸಂಶಯ ಪಡಬೇಕು.

ನೀರು ಒಳಹೊಕ್ಕದ್ದು ಕನೆಕ್ಟರಿನಿಂದ. ಹವ್ಯಾಸಿಗಳ ಯಂತ್ರದ ಹಿಂಬದಿಯಲ್ಲಿ ಸಾಧಾರಣವಾಗಿ ಇರುವ ಕನೆಕ್ಟರಿಗೆ ಪಿ. ಎಲ್. 259 ಎಂದು ಹೆಸರು, ಯು. ಎಚ್. ಎಫ್. ಕನೆಕ್ಟರೆಂದೂ ಕರೆಯುತ್ತಾರೆ. ಈ ಎರಡನೆಯ ಹೆಸರನ್ನು ನಂಬಕೂಡದು. ಅದು ಹುಟ್ಟಿದ 1930ರ ದಶಕದಲ್ಲಿ 30 ಮೆಗಾಹರ್ಟ್ಸಿಗೆ ಮೇಲ್ಪಟ್ಟದ್ದೆಲ್ಲವೂ ಅತ್ಯುಚ್ಚ ಕಂಪನವೆನ್ನಿಸಿಕೊಳ್ಳುತ್ತಿತ್ತು. ಇಂದು ಆ ಹೆಸರು ಸಲ್ಲುವ 300 ಮೆಗಾಹರ್ಟ್ಸಿನ ಮೇಲೆ ಅದು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಮಳೆಯನ್ನಂತೂ ಸ್ವಲ್ಪವೂ ತಡೆಯುವುದಿಲ್ಲ. 1940ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ಎಂಬುವರು ರಚಿಸಿದ, ಅವರ ಹೆಸರಿನ ಮೊದಲಕ್ಷರವನ್ನೇ ಹೊತ್ತ ಎನ್ ಕನೆಕ್ಟರಿನೊಳಗೆ ರಬ್ಬರಿನ ಬಳೆಯಿದ್ದು, ಅದು ನೀರನ್ನು ತಡೆಯುತ್ತದೆ. ತಾರಸಿಯ ಮೇಲೆ ಎನ್, ಮನೆಯೊಳಗೆ ಪಿ. ಎಲ್. 259 ಎಂಬುದು ನಮ್ಮ ಪದ್ಧತಿ.

ಪಿ. ಎಲ್. 259ಕ್ಕೆ ಬೆಸುಗೆ ಹಾಕುವುದರಲ್ಲಿ ಸೋಲದವರಿಲ್ಲ. ಅದರ ಮೈ ಹಿತ್ತಾಳೆಯ ಗಟ್ಟಿ. ರೇಡಿಯೋ ರಿಪೇರಿಯ 25 ವಾಟಿನ ಸೋಲ್ಡರಿಂಗ್ ಐರನ್ನನ್ನು ಅದಕ್ಕೆ ತಗಲಿಸಿದರೆ, ಮೈ ಕಾಯುವಷ್ಟರಲ್ಲಿ ಒಳಗಿನ ಪ್ಲಾಸ್ಟಿಕ್ಕು ಕರಗಿ ನಡುವಿನ ತಂತಿಯು ಹೊರಹೆಣಿಗೆಯನ್ನು ಮುಟ್ಟಿಬಿಡುತ್ತದೆ. ದೊಡ್ಡ, 100 ವಾಟಿನ ಐರನ್ನಿನಿಂದ ಬೇಗ ಕಾಯಿಸಿ ಬೇಗ ಬಿಡಬೇಕು. ನಿಕಲ್ ಲೇಪದ ಕನೆಕ್ಟರಿಗೆ ಬೆಸುಗೆ ಸುಲಭವಾಗಿ ಹಿಡಿಯದು. ಬೆಸುಗೆಯ ರಂಧ್ರಗಳ ಸುತ್ತ ಅರದಿಂದ ಲೇಪವನ್ನು ಕೆರೆಯಬೇಕು, ಇಲ್ಲವೇ ಬೆಳ್ಳಿಯ ಲೇಪದ್ದನ್ನು ಕೊಳ್ಳಬೇಕು. ಆರಿದ ಮೇಲೆ ಮಲ್ಟಿಮೀಟರಿನಿಂದ ನಡುವಿಗೂ ಹೊರಮೈಗೂ ಸಂಬಂಧವಿಲ್ಲವೆಂದು ನೋಡಿ, ಕೇಬಲ್ಲನ್ನು ಅಲುಗಿಸುತ್ತ ಇನ್ನೊಮ್ಮೆ ನೋಡಬೇಕು. ಅಲುಗಿಸಿದಾಗ ಮುಳ್ಳು ಕುಣಿದರೆ ಅದು ಬೆಸುಗೆಯಲ್ಲ, ಬರಿಯ ಅಂಟು.

ಹೊರಗಿನ ಕನೆಕ್ಟರನ್ನು, ಅದು ಎನ್ ಆದರೂ ಸರಿಯೆ, ತನ್ನಲ್ಲಿ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪಿನಿಂದ ಸುತ್ತಿ, ಅದರ ಮೇಲೆ ಸಾಧಾರಣ ಕರಿಯ ಟೇಪನ್ನು ಸುತ್ತತಕ್ಕದ್ದು. ಸುತ್ತುವುದು ಕೆಳಗಿನಿಂದ ಮೇಲಕ್ಕೆ. ಆಗ ಒಂದೊಂದು ಮೇಲಿನ ಸುತ್ತೂ ಕೆಳಗಿನದರ ಅಂಚನ್ನು ಮುಚ್ಚುತ್ತದೆ. ಮಂಗಳೂರು ಹೆಂಚುಗಳನ್ನು ಹೊದಿಸುವ ಕ್ರಮವೂ ಇದೇ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿಯೊಂದು ಅಂಚೂ ನೀರಿಗೆ ಬಾಯಿ ತೆರೆದು ಕೂತಿರುತ್ತದೆ. ಕೇಬಲ್ಲಿನ ಭಾರವನ್ನು ಕನೆಕ್ಟರಿನ ಮೇಲೆ ಬಿಡದೆ ಗಳಕ್ಕೆ ಕಟ್ಟಬೇಕು. ಡೈಪೋಲಿನ ನಡುವೆ ಕೇಬಲ್ಲು ಸೇರುವಲ್ಲಿ ಅದನ್ನು ಎಂಟು ಹತ್ತು ಸುತ್ತಾಗಿ ಸುರುಳಿ ಸುತ್ತಿ ಕಟ್ಟಿದರೆ ವಿದ್ಯುತ್ತು ಹೊರಹೆಣಿಗೆಯ ಮೈಮೇಲೆ ಹರಿದು ಮನೆಯೊಳಗೆ ಬರುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಕಿಟಕಿಯನ್ನು ಹೊಗುವ ಮುನ್ನ ಕೇಬಲ್ಲು ಒಂದಡಿ ಕೆಳಕ್ಕೆ ಜೋತು ಮತ್ತೆ ಮೇಲೇರಲಿ. ನೀರು ಆ ಜೋತಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ತಾಮ್ರವನ್ನು ಸತುವಿನ ಲೇಪವುಳ್ಳ ಪೈಪಿಗೆ ನೇರವಾಗಿ ಬಿಗಿದರೆ, ಮಳೆನೀರು ಬಿದ್ದಾಗ ಅವೆರಡೂ ಸೇರಿ ಸಣ್ಣ ಬ್ಯಾಟರಿಯಾಗಿ ಸತುವು ತಿಂದುಹೋಗುತ್ತದೆ. ಮೊದಲು ಬಿಳಿಯ ಪುಡಿ, ಅನಂತರ ತುಕ್ಕು. ನಡುವೆ ತುಕ್ಕುಹಿಡಿಯದ ಉಕ್ಕಿನ ತಗಡನ್ನು ಇಡಬೇಕು, ಇಲ್ಲವೇ ತವರದ ಕಲಾಯಿ ಮಾಡಿದ ತಾಮ್ರವನ್ನು ಬಳಸಬೇಕು.

ಕೊನೆಗೆ ಸಿಡಿಲು. ನಮ್ಮ ಬಯಲುಸೀಮೆಯಲ್ಲಿ ಅದರ ಕಾಲವು ಮುಂಗಾರಿಗೂ ಮೊದಲೇ ಬರುತ್ತದೆ. ಅಶ್ವಿನಿ, ಭರಣಿ ಮಳೆಗಳ ಸಂಜೆಗಳಲ್ಲಿ, ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಿಚ್‌ಮನ್ ಎಂಬ ವಿಜ್ಞಾನಿಯು ಮಾಡಿನ ಮೇಲಿನ ಲೋಹದ ಸರಳಿನಿಂದ ತಂತಿಯನ್ನು ತಮ್ಮ ಕೋಣೆಯೊಳಕ್ಕೆ ತಂದು, ನೆಲಕ್ಕೆ ಸೇರಿಸದೆ, ಗುಡುಗುಮಳೆಯ ವಿದ್ಯುತ್ತನ್ನು ಅಳೆಯಹೋಗಿ ಅದರಿಂದಲೇ ಪ್ರಾಣ ಬಿಟ್ಟರು. ನೆಲಕ್ಕೆ ದಾರಿಮಾಡದೆ ಕೇಬಲ್ಲನ್ನು ಮೇಜಿನವರೆಗೂ ತಂದಿಟ್ಟುಕೊಳ್ಳುವ ನಾವು ಅವರ ಪ್ರಯೋಗವನ್ನೇ ಮತ್ತೆ ಹೂಡಿದಂತೆ. ಕೇಬಲ್ಲನ್ನು ಬಿಚ್ಚಿ ಗಾಜಿನ ಸೀಸೆಯಲ್ಲಿ ಇಡುವ ಹಳೆಯ ಪದ್ಧತಿಯೊಂದು ಹವ್ಯಾಸಿಗಳಲ್ಲಿ ಉಂಟು. ಮೈಲಿಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ಸಿಡಿಲು ಸೀಸೆಯ ಗಾಜಿಗೆ ಬೆದರುವುದೇ? ಬಿಚ್ಚುವುದು ಸರಿ, ಬಿಚ್ಚಬೇಕಾದದ್ದು ಮನೆಯ ಹೊರಗೆ, ಅರ್ಥಿಂಗಿಗೆ ಸೇರಿಸಿದ ಲೋಹದ ಹಲಗೆಯ ಬಳಿ.

ಅರ್ಥಿಂಗಿನ ವಿಷಯದಲ್ಲಿ ವಿದ್ಯಾವಂತರೂ ತಪ್ಪುವ ಒಂದು ಅಂಶವಿದೆ. ರೇಡಿಯೋವಿನ ಅರ್ಥಿಂಗನ್ನು ಮನೆಯ ವಿದ್ಯುತ್ತಿನ ಅರ್ಥಿಂಗಿನಿಂದ ಬೇರೆಯಾಗಿಟ್ಟರೆ ಕ್ಷೇಮವೆಂದು ಅವರು ತಿಳಿಯುತ್ತಾರೆ. ಸಾಧಾರಣವಾದ ಸಿಡಿಲೊಂದು 20,000 ಆಂಪಿಯರನ್ನು ಹರಿಸುತ್ತದೆ. ಕಂಬದ ಬುಡದಲ್ಲಿ ನೆಲದ ತಡೆ 10 ಓಮ್ ಇದ್ದರೆ, ಆ ಕ್ಷಣದಲ್ಲಿ ಕಂಬದ ಅರ್ಥಿಂಗು 2 ಲಕ್ಷ ವೋಲ್ಟಿಗೆ ಏರಿರುತ್ತದೆ. ಮನೆಯ ಅರ್ಥಿಂಗು ಏರಿರುವುದಿಲ್ಲ. ಎರಡಕ್ಕೂ ನಡುವೆ ಇರುವ ಸೇತುವೆ ಯಾವುದು? ಒಂದು ಕಡೆಯಿಂದ ಏರಿಯಲ್ಲಿನ ಕೇಬಲ್ಲೂ ಇನ್ನೊಂದು ಕಡೆಯಿಂದ ಪ್ಲಗ್ಗಿನ ತಂತಿಯೂ ಬಂದು ಸೇರುವ ನಮ್ಮ ಯಂತ್ರ; ಅದರ ಮೇಲೆ ಕೈಯಿಟ್ಟಿರುವ ನಾವು. ಎರಡು ಅರ್ಥಿಂಗುಗಳನ್ನೂ ಹೊರಗಡೆಯೇ ದಪ್ಪ ತಾಮ್ರದಿಂದ ಒಂದುಗೂಡಿಸಿದ್ದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನೆಲಕ್ಕೆ ಹೊಡೆಯುವ ಸರಳುಗಳು ಎಂಟಡಿ ಉದ್ದವಾಗಿರಲಿ. ಒಂದಕ್ಕಿಂತ ಹೆಚ್ಚಿದ್ದರೆ ಅವುಗಳ ನಡುವೆ ಎಂಟಡಿಗೆ ಕಡಮೆಯಿಲ್ಲದ ಅಂತರವಿರಲಿ. ಇವನ್ನು ಕೂಡಿಸುವ ತಂತಿಯನ್ನು ಚೂಪಾಗಿ ಮಡಿಸದೆ ಅಗಲವಾಗಿ ಬಾಗಿಸಿ ತರಬೇಕು. ವಿದ್ಯುತ್ತಿನ ಬೋರ್ಡನ್ನು ಮುಟ್ಟುವ ಕೆಲಸವನ್ನು ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು.

ಯುಗಾದಿ ಕಳೆದ ಮೇಲೆ, ಮೊದಲ ಗುಡುಗಿಗೆ ಮುಂಚೆ, ಒಂದು ರಜೆಯ ಬೆಳಗ್ಗೆ ಗಳವನ್ನು ಇಳಿಸುವುದು ನಮ್ಮ ವಾಡಿಕೆ. ಗಾಳಿಯಿಲ್ಲದ ಹೊತ್ತು, ನಾಲ್ಕು ಹಗ್ಗಕ್ಕೆ ನಾಲ್ಕು ಜನ, ಅಪ್ಪಣೆ ಕೊಡುವವರು ಒಬ್ಬರೇ. ಸ್ಟೇ ಹಗ್ಗಗಳ ಗಂಟುಗಳನ್ನು ಬಿಚ್ಚಿ ಒಳಭಾಗವನ್ನು ನೋಡುತ್ತೇವೆ. ಕ್ಲಾಂಪುಗಳ ನಟ್ಟುಗಳನ್ನು ಮತ್ತೆ ಬಿಗಿಯುತ್ತೇವೆ. ಅರ್ಥಿಂಗ್ ಕೂಡಿಕೆಯ ಕಿಲುಬನ್ನು ಉಜ್ಜಿ ತೆಗೆಯುತ್ತೇವೆ. ಮೇಲಿನ ಕನೆಕ್ಟರಿನ ಸುತ್ತುಟೇಪನ್ನು ಸೀಳಿ, ತಾಮ್ರವು ಹೊಳೆಯುತ್ತಿದ್ದರೆ ಹೊಸ ಟೇಪನ್ನು ಸುತ್ತುತ್ತೇವೆ. ಕಪ್ಪಾಗಿದ್ದರೆ, ಹೊಳೆಯುವ ತಾಮ್ರ ಸಿಕ್ಕುವವರೆಗೂ ಕೇಬಲ್ಲನ್ನು ಅಂಗುಲ ಅಂಗುಲವಾಗಿ ಕತ್ತರಿಸಿ ಹೊಸ ಕನೆಕ್ಟರನ್ನು ಹಾಕುತ್ತೇವೆ. ಇದಕ್ಕಾಗಿಯೇ ಕೇಬಲ್ಲನ್ನು ಕೊಳ್ಳುವಾಗ ಬೇಕಾದುದಕ್ಕಿಂತ ಐದಾರು ಅಡಿ ಹೆಚ್ಚಾಗಿ ಕೊಂಡು, ಗಳದ ಬುಡದಲ್ಲಿ ಸುತ್ತಿ ಇಟ್ಟಿರುತ್ತೇವೆ.